ಡಬ್ಬಿ ಎಷ್ಟು ಸಲ ಮಗುಚಬೇಕು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನನ್ನ ಮಾತಿನ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ 'ಅಜಿಟೇಶನ್' ಎಂದು ಅಚ್ಚು ಹಾಕಿಸಿಬಿಟ್ಟಿದ್ದಾರೆ. ಅದನ್ನು ನೋಡಿ ನನ್ನ ಸ್ನೇಹಿತರೊಬ್ಬರು ಬೆಳಿಗ್ಗೆ ಕಾಫಿ ಕುಡಿಯುವಾಗ, "ಏನಪ್ಪಾ, ಗೋಕಾಕ್ ಚಳವಳಿ ಬಗ್ಗೆ ಮಾತಾಡ್ತೀಯಾ?" ಎಂದು ಕೇಳಿದರು. ನಮ್ಮ ವಯಸ್ಸಿನವರಿಗೆ ಅಜಿಟೇಶನ್ ಎಂದರೆ ಚಳವಳಿಯೇ. ನಾನು ಹೇಳಹೊರಟಿರುವುದೂ ಒಂದು ಬಗೆಯ ಚಳವಳಿಯೇ ಅನ್ನಿ. ಆದರೆ ಅದು ನಡೆಯುವುದು ಬೀದಿಯಲ್ಲಲ್ಲ, ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಒಳಗೆ. ಫೋಟೊ ಫಿಲಂ ತೊಳೆಯುವಾಗ ಆ ಡಬ್ಬಿಯನ್ನು ಹೇಗೆ ಅಲುಗಾಡಿಸಬೇಕು, ಎಷ್ಟು ಅಲುಗಾಡಿಸಬೇಕು, ಯಾವಾಗ ಸುಮ್ಮನೆ ಬಿಡಬೇಕು ಎನ್ನುವುದಷ್ಟೇ ಇವತ್ತಿನ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಅರ್ಧ ಗಂಟೆ ಬೇಕೇ ಎಂದು ನಿಮಗೆ ಅನ್ನಿಸಬಹುದು. ಅರ್ಧ ಗಂಟೆ ಸಾಲದು ಎಂಬುದು ನನ್ನ ಅಂಜಿಕೆ.

ಮೊದಲು ಈ ರೋಲನ್ನು ನೋಡಿ. ಇದು 35 ಎಂಎಂ ಕಪ್ಪು-ಬಿಳುಪು ಫಿಲಂ, 36 ಚಿತ್ರಗಳದ್ದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೇವಿನ ಮರದ ಮುಂದೆ ನಮ್ಮೆಲ್ಲರನ್ನೂ ನಿಲ್ಲಿಸಿ ತೆಗೆದ ಗುಂಪು ಚಿತ್ರಗಳು ಇದರಲ್ಲಿ ಎಂಟಿವೆ. ಉಳಿದ 28ರಲ್ಲಿ ನಮ್ಮ ಏಳು ಮಂದಿ ನಿವೃತ್ತ ಗುರುಗಳಿದ್ದಾರೆ. ಒಬ್ಬೊಬ್ಬರನ್ನೂ ಹಳೆಯ ಹೆಂಚಿನ ಕೊಠಡಿಯ ಬಾಗಿಲಲ್ಲಿ ನಿಲ್ಲಿಸಿ ನಾಲ್ಕು ನಾಲ್ಕು ಚಿತ್ರ ತೆಗೆದಿದ್ದೇವೆ. ಮೊಬೈಲಿನಲ್ಲಿ ಇವತ್ತು ಸಾವಿರ ಚಿತ್ರ ಬಿದ್ದಿರಬಹುದು, ಬೇಡ ಎನ್ನುವುದಿಲ್ಲ. ಆದರೆ ಕಚೇರಿಯ ಗೋಡೆಗೆ ಏರುವುದು ಈ ರೋಲಿನ ಚಿತ್ರ ಎಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಗುರುಗಳನ್ನು ಆ ಬಾಗಿಲಲ್ಲಿ ಒಬ್ಬೊಬ್ಬರಾಗಿ ತೆಗೆದದ್ದು ಈ ಫಿಲಂನಲ್ಲಿ ಮಾತ್ರ. ಅವರಲ್ಲಿ ಮೂವರಿಗೆ ಎಂಬತ್ತು ದಾಟಿದೆ. ಮತ್ತೆ ಅವರನ್ನು ಒಟ್ಟಿಗೆ ಇಲ್ಲಿಗೆ ಕರೆತರುವುದು ಸುಲಭದ ಮಾತಲ್ಲ. ಮಧ್ಯಾಹ್ನ ಮೂರೂವರೆಗೆ ಈ ರೋಲನ್ನು ತೊಳೆಯುವವರು ನಾನಲ್ಲ, ಒಂಬತ್ತು ಮತ್ತು ಹತ್ತನೆಯ ತರಗತಿಯ ನಾಲ್ವರು ಮಕ್ಕಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೇನೆ. ಆದ್ದರಿಂದ ಇದು ಬರೀ ಭಾಷಣವಲ್ಲ, ಕೆಲಸಕ್ಕೆ ಮೊದಲಿನ ಪಾಠ.

'ತೊಳೆಯುವುದು' ಎನ್ನುವುದು ನಮ್ಮ ಕಡೆಯ ಸ್ಟುಡಿಯೋ ಮಾತು. 'ಫಿಲಂ ತೊಳೆಸಿಕೊಂಡು ಬಾ' ಎನ್ನುತ್ತಿದ್ದರು. ನಿಜವಾಗಿ ತೊಳೆಯುವುದು ಕೊನೆಯ ಹಂತ. ಅದಕ್ಕೆ ಮೊದಲು ಚಿತ್ರವನ್ನು ಬರಿಸಬೇಕು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಒಂದು ಪ್ರಯೋಗ ಇದೆ: ಬಿಳಿಯ ಸಿಲ್ವರ್ ಕ್ಲೋರೈಡನ್ನು ಬಿಸಿಲಿಗೆ ಇಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳಕು ಅದನ್ನು ಒಡೆದು ಬೆಳ್ಳಿಯನ್ನು ಹೊರಗೆ ಹಾಕುತ್ತದೆ. ಫಿಲಂನಲ್ಲಿ ಇರುವುದು ಹೆಚ್ಚಾಗಿ ಸಿಲ್ವರ್ ಬ್ರೋಮೈಡ್. ಅದರ ಕಣ್ಣಿಗೆ ಕಾಣದ ಹರಳುಗಳನ್ನು ಜೆಲಟಿನ್‌ನಲ್ಲಿ ಕಲಸಿ ತೆಳ್ಳಗೆ ಬಳಿದಿರುತ್ತಾರೆ. ಕ್ಯಾಮೆರಾದ ಬಾಗಿಲು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಭಾಗ ತೆರೆದರೆ ಹರಳಿನ ಮೇಲೆ ಬೆಳ್ಳಿಯ ಕೆಲವೇ ಅಣುಗಳು ಮೂಡುತ್ತವೆ. ಫಿಲಂ ಈಗ ಬಿಚ್ಚಿ ನೋಡಿದರೆ ಏನೂ ಕಾಣುವುದಿಲ್ಲ, ಬಿಚ್ಚಿದರೆ ಚಿತ್ರವೂ ಉಳಿಯುವುದಿಲ್ಲ. ಡೆವಲಪರ್ ಎಂಬ ದ್ರಾವಣ ಮಾಡುವ ಕೆಲಸ ಏನೆಂದರೆ, ಬೆಳಕು ತಗುಲಿದ ಹರಳುಗಳನ್ನು ಮಾತ್ರ ಹುಡುಕಿ ಪೂರ್ತಿ ಬೆಳ್ಳಿಯಾಗಿಸುವುದು. ಬೆಳಕು ಹೆಚ್ಚು ಬಿದ್ದ ಕಡೆ ಬೆಳ್ಳಿ ದಟ್ಟ, ಕಪ್ಪು. ಬೀಳದ ಕಡೆ ತಿಳಿ. ಹಾಗಾಗಿ ನೆಗೆಟಿವ್‌ನಲ್ಲಿ ನಿಮ್ಮ ಬಿಳಿ ಅಂಗಿ ಕಪ್ಪು, ಕಪ್ಪು ಕೂದಲು ಬಿಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡೆವಲಪರ್ ಕೆಲಸ ಮಾಡುತ್ತಾ ಮಾಡುತ್ತಾ ದಣಿಯುತ್ತದೆ. ಫಿಲಂಗೆ ಅಂಟಿಕೊಂಡಿರುವ ತೆಳು ಪದರದ ದ್ರಾವಣ ಮೊದಲು ದಣಿಯುತ್ತದೆ. ಅದೇ ಹೊತ್ತಿಗೆ ಹರಳಿನಿಂದ ಬಿಡುಗಡೆಯಾದ ಬ್ರೋಮೈಡ್ ಆ ಪದರದಲ್ಲೇ ತುಂಬಿಕೊಳ್ಳುತ್ತದೆ. ಬ್ರೋಮೈಡ್ ಎಂದರೆ ಡೆವಲಪರ್‌ಗೆ ಕಡಿವಾಣ. ಅದು ಹೆಚ್ಚಾದ ಕಡೆ ಕೆಲಸ ನಿಧಾನವಾಗುತ್ತದೆ. ಅಂಗೈ ಅಗಲದ ದೂರದಲ್ಲಿ ತಾಜಾ ದ್ರಾವಣ ಬೇಕಾದಷ್ಟಿದ್ದರೂ ತಾನಾಗಿ ಅದು ಇಲ್ಲಿಗೆ ಬರುವುದು ಬಹಳ ನಿಧಾನ. ಸಕ್ಕರೆ ಹಾಕಿ ಕಲಕದ ಕಾಫಿಯನ್ನು ಕುಡಿದವರಿಗೆ ಇದು ಗೊತ್ತು. ಮೇಲೆ ಕಹಿ, ತಳದಲ್ಲಿ ಪಾಕ.

ಇದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಪೊಟ್ಯಾಸಿಯಂ ಪರಮ್ಯಾಂಗನೇಟ್ ಇದೆ. ಒಂಬತ್ತನೆಯ ತರಗತಿಯವರು ಈಗಾಗಲೇ ಇದನ್ನು ಮಾಡಿರುತ್ತೀರಿ. (ಇಲ್ಲಿ ಮಕ್ಕಳು ಎರಡು ಬೀಕರುಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು.) ಅಲ್ಲಾಡದ ನೀರಿಗೆ ಒಂದೇ ಹರಳು ಹಾಕಿದೆವು. ನೋಡಿ, ನೇರಳೆ ಬಣ್ಣ ಎಲ್ಲ ಕಡೆ ಒಂದೇ ಸಮ ಹರಡುತ್ತಿಲ್ಲ. ಎಳೆ ಎಳೆಯಾಗಿ ಕೆಳಗೆ ಇಳಿಯುತ್ತಿದೆ, ತಳದಲ್ಲಿ ಮಡುಗಟ್ಟುತ್ತಿದೆ. ದ್ರಾವಣ ಭಾರವಾದರೆ ಕೆಳಗೆ ಜಾರುತ್ತದೆ. ಬ್ರೋಮೈಡ್ ತುಂಬಿದ ಡೆವಲಪರ್ ಮಾಡುವುದೂ ಇದನ್ನೇ. ಈ ಎಳೆಗಳನ್ನು ಮರೆಯಬೇಡಿ, ಮುಂದೆ ಬೇಕು. ಎರಡನೆಯ ಬೀಕರಿನಲ್ಲಿ ಗಾಜಿನ ಕಡ್ಡಿಯಿಂದ ಒಂದೇ ದಿಕ್ಕಿಗೆ ನಿಧಾನ ತಿರುಗಿಸಿದಾಗ ಏನಾಯಿತು? ಬಣ್ಣ ಸುರುಳಿ ಸುತ್ತಿತು, ಆದರೆ ಸುರುಳಿಯ ಗೆರೆಗಳು ಎಷ್ಟೋ ಹೊತ್ತು ಉಳಿದವು. ಬೀಕರನ್ನು ಒಂದು ಸಲ ಇನ್ನೊಂದಕ್ಕೆ ಸುರಿದು ವಾಪಸು ಸುರಿದಾಗ ಮಾತ್ರ ಎಲ್ಲ ಒಂದಾಯಿತು. ಹೋಟೆಲಿನಲ್ಲಿ ಕಾಫಿಯನ್ನು ಎತ್ತಿ ಸುರಿಯುವವನು ಚಮಚ ಹುಡುಕುವುದಿಲ್ಲ.

ಈಗ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲಿನ ಒಂದು ಚಿತ್ರದ ಬಗ್ಗೆ ಹೇಳಬೇಕು. ಬಾಗಿಲಿನಿಂದ ಎಡಕ್ಕೆ ಎಣಿಸಿದರೆ ನಾಲ್ಕನೆಯದು. ನಮ್ಮ ತಂಡದ್ದೇ. ಬೆಂಚಿನ ಮೇಲೆ ನಿಂತವರು ಒಂದು ಸಾಲು, ನೆಲದ ಮೇಲೆ ನಿಂತವರು ಒಂದು ಸಾಲು, ಮುಂದೆ ಕುರ್ಚಿಯಲ್ಲಿ ಗುರುಗಳು. ಎಲ್ಲ ಹುಡುಗರೂ ಬಿಳಿ ಅಂಗಿ. ಆ ಚಿತ್ರದಲ್ಲಿ ನಮ್ಮ ಕನ್ನಡ ಮೇಷ್ಟರ ಮುಖದ ಮೇಲೆ ಹೊಗೆಯಂಥ ಒಂದು ಕಪ್ಪು ಪಟ್ಟೆ ಇದೆ. ಪಕ್ಕದ ಗುರುಗಳ ಹಣೆಯ ಮೇಲೆ ಇನ್ನೊಂದು. ಇಷ್ಟು ವರ್ಷ ಅದನ್ನು ತೇವ ಹತ್ತಿ ಆದದ್ದು ಎಂದುಕೊಂಡವರೇ ಹೆಚ್ಚು. ಕಳೆದ ತಿಂಗಳು ಅದನ್ನು ಕೆಳಗಿಳಿಸಿ ಭೂತಗನ್ನಡಿ ಹಿಡಿದು ನೋಡಿದೆ. ತೇವವಲ್ಲ. ಪ್ರತಿಯೊಂದು ಬಿಳಿ ಅಂಗಿಯ ಕೆಳಗೂ ಅಂಥ ಪಟ್ಟೆ ಇದೆ, ಅಂಗಿಯಷ್ಟೇ ಅಗಲ, ಕೆಳಮುಖ. ಬಿಳಿ ಅಂಗಿ ನೆಗೆಟಿವ್‌ನಲ್ಲಿ ಅತಿ ದಟ್ಟ ಜಾಗ, ಅಲ್ಲಿ ಬ್ರೋಮೈಡ್ ಹೆಚ್ಚು ಬಿಡುಗಡೆಯಾಗುತ್ತದೆ. ಅದು ನಮ್ಮ ನೇರಳೆ ಎಳೆಗಳಂತೆ ಕೆಳಗೆ ಇಳಿಯುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸರಿಯಾಗಿ ಬೆಳೆಯಲು ಬಿಡುವುದಿಲ್ಲ. ನೆಗೆಟಿವ್‌ನಲ್ಲಿ ತೆಳುವಾದ ಜಾಗ ಕಾಗದದ ಮೇಲೆ ಕಪ್ಪಾಗಿ ಬೀಳುತ್ತದೆ. ಇದನ್ನು 'ಬ್ರೋಮೈಡ್ ಡ್ರ್ಯಾಗ್' ಎನ್ನುತ್ತಾರೆ. ಅಂದರೆ ಆ ಫಿಲಂ ಡಬ್ಬಿಯಲ್ಲಿದ್ದಾಗ ಯಾರೂ ಅದನ್ನು ಅಲುಗಾಡಿಸಿಲ್ಲ, ಅಥವಾ ಬಹಳ ಹೊತ್ತು ಮರೆತಿದ್ದಾರೆ. ರೀಲಿಗೆ ಸುತ್ತಿದ ಫಿಲಂ ಡಬ್ಬಿಯೊಳಗೆ ಅಂಚಿನ ಮೇಲೆ ನಿಂತಿರುತ್ತದೆ, ಚಿತ್ರದ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ. ಅವತ್ತು ಚಿತ್ರದ ಕೆಳಭಾಗ ಕೆಳಗೇ ಇತ್ತು. ರೀಲನ್ನು ತಿರುವಿ ಹಾಕಿದ್ದರೆ ಪಟ್ಟೆಗಳು ಚಿತ್ರದಲ್ಲಿ ಮೇಲ್ಮುಖವಾಗಿ, ಹುಡುಗರ ಕಡೆಗೆ, ಹಿಂದಿನ ಗೋಡೆಯ ಕಡೆಗೆ ಹೋಗುತ್ತಿದ್ದವು. ಮೇಷ್ಟರ ಮುಖ ಉಳಿಯುತ್ತಿತ್ತು.

ತೆಗೆದ ಸ್ಟುಡಿಯೋದ ಹೆಸರು ಬೇಡ. ಸಾಲು ಸಾಲು ಮದುವೆಗಳ ದಿನಗಳಲ್ಲಿ ಒಬ್ಬನೇ ಮನುಷ್ಯ ಕತ್ತಲಲ್ಲಿ ಹತ್ತಾರು ರೋಲು ತೊಳೆಯುತ್ತಿದ್ದ ಕಾಲ ಅದು. ಆದರೆ ಆ ಮೇಷ್ಟರ ಬೇರೊಂದು ಚಿತ್ರ ನಮ್ಮ ಶಾಲೆಯಲ್ಲಿ ಇಲ್ಲ. ಇವತ್ತು ಬೆಳಿಗ್ಗೆ ಅವರ ಮೊಮ್ಮಗಳು ಆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರು. ಅಜ್ಜನ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದರು.

ಹಿಂದೆ ಇದನ್ನು ಹೇಗೆ ಮಾಡುತ್ತಿದ್ದರು? ಡಬ್ಬಿ ಇಲ್ಲದ ಕಾಲದಲ್ಲಿ ರೋಲ್ ಫಿಲಂನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮಧ್ಯದ ಬಾಗು ತಟ್ಟೆಯ ದ್ರಾವಣದಲ್ಲಿ ಮುಳುಗುವಂತೆ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಎಳೆದಾಡುತ್ತಿದ್ದರು. ಮೊಸರು ಕಡೆಯುವ ಹಗ್ಗದ ಹಾಗೆ. ಕೆಂಪು ಬೆಳಕು ಕಾಣದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ದೀಪದಡಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಎಡೆಬಿಡದ ಚಲನೆ, ಚಿತ್ರ ಮೂಡುವುದು ಕಣ್ಣಿಗೆ ಕಾಣುತ್ತಿತ್ತು, ಸಾಕೆನಿಸಿದಾಗ ತೆಗೆಯಬಹುದಿತ್ತು. ಎಲ್ಲ ಬಣ್ಣವನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ ಬಂದ ಮೇಲೆ ಪೂರ್ತಿ ಕತ್ತಲೆ ಬೇಕಾಯಿತು. ಬೆಳಕು ಹೋಗದ, ದ್ರಾವಣ ಮಾತ್ರ ಹೋಗುವ ಡಬ್ಬಿ ಬೇಕಾಯಿತು. ನಾನು ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ 12 ಚಿತ್ರದ ರೋಲು ತೆಗೆಯುತ್ತಿದ್ದೆ, ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲಂ ಹಾಕುತ್ತಿದ್ದೆ. ತೊಳೆಯುತ್ತಿದ್ದದ್ದು ಮನೆಯ ಬಚ್ಚಲಲ್ಲಿ. ಫಿಲಂ ಡಬ್ಬಿಗೆ ತುಂಬುತ್ತಿದ್ದದ್ದು ರಾತ್ರಿ, ಕಿಟಕಿ ಮುಚ್ಚಿ, ಕಂಬಳಿಯ ಒಳಗೆ ಕೈ ಹಾಕಿ.

ಡಬ್ಬಿಯನ್ನು ಅಲುಗಾಡಿಸಲು ಎರಡು ದಾರಿ. ಮುಚ್ಚಳದ ಮಧ್ಯದ ತೂತಿನಲ್ಲಿ ಕಡ್ಡಿ ಇಳಿಸಿ ರೀಲನ್ನು ತಿರುಗಿಸುವುದು ಒಂದು, ಮೇಲೆ ಮುಚ್ಚಳ ಬಿಗಿದು ಇಡೀ ಡಬ್ಬಿಯನ್ನು ತಲೆಕೆಳಗು ಮಾಡುವುದು ಇನ್ನೊಂದು. ನನ್ನ ಓಟು ಎರಡನೆಯದಕ್ಕೆ. ಗಾಜಿನ ಕಡ್ಡಿಯ ಬೀಕರಿನಲ್ಲಿ ನೋಡಿದಿರಲ್ಲ, ಒಂದೇ ದಾರಿಯಲ್ಲಿ ಸುತ್ತುವ ದ್ರಾವಣ ಬೆರೆಯುವುದಕ್ಕಿಂತ ಸುತ್ತುವುದೇ ಹೆಚ್ಚು. ನಮಗೆ ಬೇಕಾದದ್ದು ಶಿಸ್ತಿಲ್ಲದ ಚಲನೆ. ಶಾಲೆಯಲ್ಲಿ ನಿಂತು ಇಂಥ ಮಾತು ಹೇಳಬಾರದು, ಆದರೆ ದ್ರಾವಣದ ಮಟ್ಟಿಗೆ ಇದು ನಿಜ. ದ್ರಾವಣ ಪ್ರತಿ ಸಲ ಬೇರೆ ದಾರಿಯಲ್ಲಿ ಹರಿಯಬೇಕು. ಅದಕ್ಕೇ ಡಬ್ಬಿ ಮಗುಚುವಾಗ ಮಣಿಕಟ್ಟನ್ನು ಸ್ವಲ್ಪ ತಿರುಚಿ, ಪ್ರತಿ ಸಲ ಡಬ್ಬಿಯ ಬೇರೆ ಮಗ್ಗುಲು ನಿಮ್ಮ ಕಡೆ ಬರುವಂತೆ ಮಾಡಬೇಕು. ಇನ್ನೊಂದು ಮಾತು, ಡಬ್ಬಿಯನ್ನು ಕಂಠಮಟ್ಟ ತುಂಬಬೇಡಿ. ತುಂಬಿದ ಕೊಡ ತುಳುಕುವುದಿಲ್ಲವಲ್ಲ, ಇಲ್ಲಿ ತುಳುಕಲೇಬೇಕು. ಮೇಲೆ ಸ್ವಲ್ಪ ಗಾಳಿ ಇದ್ದರೆ ಮಾತ್ರ ಮಗುಚಿದಾಗ ದ್ರಾವಣ ಉರುಳಿ ಬೆರೆಯುತ್ತದೆ.

ಎಷ್ಟು ಸಲ? ಇಲ್ಲಿ ಪಂಥಗಳಿವೆ. ಇಲ್ಫರ್ಡ್ ಕಂಪನಿ ಹೇಳುವುದು ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಆಮೇಲೆ ಪ್ರತಿ ನಿಮಿಷದ ಆರಂಭದ 10 ಸೆಕೆಂಡಿನಲ್ಲಿ ನಾಲ್ಕು ಸಲ. ಕೊಡಕ್‌ನದು ಪ್ರತಿ 30 ಸೆಕೆಂಡಿಗೊಮ್ಮೆ, 5 ಸೆಕೆಂಡಿನೊಳಗೆ ಐದಾರು ಸಲ, ಚುರುಕಾಗಿ. ಎರಡನ್ನೂ ಅನುಸರಿಸಿ ಜಗತ್ತಿನಲ್ಲಿ ಕೋಟ್ಯಂತರ ಒಳ್ಳೆಯ ನೆಗೆಟಿವ್‌ಗಳು ಆಗಿವೆ. ಯಾವುದು ಸರಿ ಎಂದು ಜಗಳವಾಡುವುದು ಮುದ್ದೆ ಮೇಲೋ ರೊಟ್ಟಿ ಮೇಲೋ ಎನ್ನುವ ಜಗಳದ ಹಾಗೆ. ಹಿಡಿದದ್ದನ್ನು ಬಿಡದೆ ಹಿಡಿಯುವುದು ಮುಖ್ಯ. ಒಂದು ರೋಲಿಗೆ ಹೀಗೆ, ಮುಂದಿನದಕ್ಕೆ ಹಾಗೆ ಎಂದರೆ ಚಿತ್ರ ಕೆಟ್ಟಾಗ ಕಾರಣ ಹುಡುಕಲು ದಾರಿಯೇ ಇರುವುದಿಲ್ಲ.

ಆದರೆ ಸಂಖ್ಯೆ ಬದಲಾದರೆ ಚಿತ್ರ ಬದಲಾಗುವುದು ಹೇಗೆ ಎಂದು ತಿಳಿದಿರಬೇಕು. ನೆಗೆಟಿವ್‌ನ ತೆಳು ಜಾಗಗಳಲ್ಲಿ, ಅಂದರೆ ನೆರಳು, ಕೂದಲು, ಮರದ ಬೊಡ್ಡೆ ಇರುವಲ್ಲಿ, ಡೆವಲಪರ್‌ಗೆ ಕೆಲಸ ಕಡಿಮೆ, ದಣಿವೂ ಕಡಿಮೆ. ಅಲ್ಲಿ ಅಲುಗಾಡಿಸಿದರೂ ಬಿಟ್ಟರೂ ದೊಡ್ಡ ವ್ಯತ್ಯಾಸವಿಲ್ಲ. ದಟ್ಟ ಜಾಗಗಳಲ್ಲಿ, ಬಿಳಿ ಅಂಗಿ, ಆಕಾಶ, ಬಿಸಿಲು ಬಿದ್ದ ಗೋಡೆ, ಇಲ್ಲಿ ಡೆವಲಪರ್ ಬೇಗ ದಣಿಯುತ್ತದೆ. ಹೆಚ್ಚು ಅಲುಗಾಡಿಸಿದರೆ ತಾಜಾ ದ್ರಾವಣ ಸಿಕ್ಕಿ ಆ ಜಾಗ ಇನ್ನೂ ದಟ್ಟವಾಗುತ್ತದೆ, ಕಡಿಮೆ ಮಾಡಿದರೆ ತಡೆಯುತ್ತದೆ. ಅಂದರೆ ಅಲುಗಾಟ ಹೆಚ್ಚಾದಷ್ಟೂ ಕಪ್ಪು-ಬಿಳುಪಿನ ಅಂತರ ಹೆಚ್ಚು. ಮೋಟಾರು ಹಾಕಿ ನಿಲ್ಲದೆ ಉರುಳಿಸುವ ಯಂತ್ರಗಳಲ್ಲಿ ಇದೇ ಕಾರಣಕ್ಕೆ ಸಮಯವನ್ನು ಸುಮಾರು ನೂರಕ್ಕೆ 15ರಷ್ಟು ಇಳಿಸುತ್ತಾರೆ.

ಬೆಳಿಗ್ಗೆ ಹನ್ನೊಂದರ ಬಿಸಿಲು, ಮರದ ಅರ್ಧ ನೆರಳು, ಬಿಳಿ ಸಮವಸ್ತ್ರ, ನಮ್ಮ ಎಣ್ಣೆಗೆಂಪು ಮುಖಗಳು. ಅಂತರ ಈಗಾಗಲೇ ವಿಪರೀತ ಇದೆ. ಹಾಗಾಗಿ ಇವತ್ತಿಗೆ ಅರ್ಧ ನಿಮಿಷಕ್ಕೊಮ್ಮೆ ಬೇಡ, ನಿಮಿಷಕ್ಕೊಮ್ಮೆ ನಾಲ್ಕು ಸಲ ಸಾಕು. ಅಂಗಿಯ ಗುಂಡಿಗಳೂ ಕಾಣಬೇಕು, ಕಣ್ಣೂ ಕಾಣಬೇಕು.

ಹಾಗಾದರೆ ಇನ್ನೂ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಬುದ್ಧಿವಂತ ಹುಡುಗಿ ಕೇಳುತ್ತಾಳೆ. ಕೇಳಬೇಕು. ಹಾಗೆ ಮಾಡುವವರಿದ್ದಾರೆ. ರೋಡಿನಾಲ್ ಎಂಬ ಡೆವಲಪರ್ ಇದೆ, 1891ರಷ್ಟು ಹಳೆಯದು. ಅದರ ಒಂದು ಪಾಲಿಗೆ ನೂರು ಪಾಲು ನೀರು ಬೆರೆಸಿ, ಮೊದಲು ಸ್ವಲ್ಪ ಮಗುಚಿ, ಒಂದು ಗಂಟೆ ಮುಟ್ಟದೆ ಬಿಡುತ್ತಾರೆ. ಕಪ್ಪು ಬಿಳುಪು ಸೇರುವ ಗಡಿಯಲ್ಲಿ ಎರಡೂ ಕಡೆಯ ದ್ರಾವಣ ಒಂದಕ್ಕೊಂದು ತಾಗಿ ತೆಳುವಾದ ಗೆರೆ ಮೂಡುತ್ತದೆ, ಅದಕ್ಕೆ ಮ್ಯಾಕಿ ಗೆರೆ ಎನ್ನುತ್ತಾರೆ. ಚಿತ್ರ ಹೆಚ್ಚು ಚೂಪಾಗಿ ಕಾಣುತ್ತದೆ. ಕಲ್ಲು, ಬೇಲಿ, ಒಣ ಮರಗಳ ಚಿತ್ರಕ್ಕೆ ನಾನೂ ಒಮ್ಮೊಮ್ಮೆ ಮಾಡುತ್ತೇನೆ, ಚೆನ್ನಾಗಿ ಬರುತ್ತದೆ. ಬಿಳಿ ಅಂಗಿಗಳ ಕೆಳಗೆ ಗುರುಗಳ ಮುಖ ಇರುವ ಚಿತ್ರಕ್ಕೆ ಮಾಡುವುದಿಲ್ಲ. ನಾಲ್ಕನೆಯ ಚಿತ್ರ ಗೋಡೆಯ ಮೇಲೆ ಇದ್ದೇ ಇದೆಯಲ್ಲ.

ಅತಿಯಾಗಿ ಕುಲುಕುವವರ ಕಷ್ಟವೂ ಇದೆ. 35 ಎಂಎಂ ಫಿಲಂನ ಎರಡು ಅಂಚಿನಲ್ಲಿ ತೂತುಗಳಿವೆ. ಜೋರಾಗಿ ಒಂದೇ ರೀತಿ ಕುಲುಕಿದರೆ ದ್ರಾವಣ ಆ ತೂತುಗಳ ಮೂಲಕ ಚಿಮ್ಮಿ, ತೂತಿನ ಪಕ್ಕದ ಜಾಗ ಹೆಚ್ಚು ಬೆಳೆದು, ಕಾಗದದ ಮೇಲೆ ಬಾಚಣಿಗೆ ಹಲ್ಲಿನಂತೆ ಬಿಳಿ ಗೆರೆಗಳು ಬೀಳುತ್ತವೆ. ಮಜ್ಜಿಗೆ ಕಡೆದ ಹಾಗೆ ಮಾಡಿದರೆ ನೊರೆ ಏಳುತ್ತದೆ. ಗಾಳಿಯ ಗುಳ್ಳೆ ಫಿಲಂಗೆ ಅಂಟಿಕೊಂಡರೆ ಅದರ ಅಡಿಯಲ್ಲಿ ಡೆವಲಪರ್ ತಾಗುವುದಿಲ್ಲ, ಕಾಗದದ ಮೇಲೆ ದುಂಡನೆಯ ಕಪ್ಪು ಚುಕ್ಕೆ. ಹಣೆಯ ಮಧ್ಯೆ ಬಿದ್ದರೆ ಬೊಟ್ಟು ಎಂದು ಸಮಾಧಾನ ಮಾಡಿಕೊಳ್ಳಬಹುದು, ಮೂಗಿನ ತುದಿಯಲ್ಲಿ ಬಿದ್ದರೆ? ಅದಕ್ಕೆ ಪ್ರತಿ ಸಲ ಮಗುಚಿ ಮುಗಿದ ಮೇಲೆ ಡಬ್ಬಿಯ ತಳವನ್ನು ಮೇಜಿನ ಮೇಲೆ ಎರಡು ಮೂರು ಸಲ ಗಟ್ಟಿಯಾಗಿ ಕುಟ್ಟಬೇಕು. ಗುಳ್ಳೆ ಎದ್ದು ಮೇಲೆ ಹೋಗುತ್ತದೆ. ಮಡಿಸಿದ ಬಟ್ಟೆಯ ಮೇಲೆ ಕುಟ್ಟಿ, ಡಬ್ಬಿ ಹಳೆಯದು.

ಬಿಸಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲ ಕಂಪನಿಗಳ ಪಟ್ಟಿಯೂ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ನಮ್ಮೂರಿನ ನಲ್ಲಿ ನೀರು ಬೇಸಿಗೆಯಲ್ಲಿ 30ರ ಹತ್ತಿರ. ಬಿಸಿ ಹೆಚ್ಚಾದರೆ ಕೆಲಸ ಬೇಗ, ಸಮಯ ಕಡಿಮೆ. ಒಟ್ಟು ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಸುರಿಯುವ ಹತ್ತು ಸೆಕೆಂಡು, ಮೊದಲ ಮಗುಚುವಿಕೆ, ಎಲ್ಲವೂ ಲೆಕ್ಕಕ್ಕೆ ಬಂದು ಚಿತ್ರ ಕಲೆ ಕಲೆಯಾಗುತ್ತದೆ. ಬಿಸಿ ಊರಿನಲ್ಲಿ ಅಲುಗಾಟದ ತಪ್ಪಿಗೆ ಕ್ಷಮೆ ಕಡಿಮೆ ಎಂದರ್ಥ. ನನ್ನ ಉಪಾಯ ಮಣ್ಣಿನ ಮಡಕೆ. ಹಿಂದಿನ ರಾತ್ರಿ ತುಂಬಿಟ್ಟ ಮಡಕೆಯ ನೀರು ನಲ್ಲಿ ನೀರಿಗಿಂತ ಹಲವು ಡಿಗ್ರಿ ತಣ್ಣಗಿರುತ್ತದೆ, ಆವಿಯಾಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಆ ನೀರನ್ನು ಬೇಸಿನ್‌ಗೆ ಸುರಿದು ಅದರೊಳಗೆ ಡೆವಲಪರ್ ಬಾಟಲಿ ನಿಲ್ಲಿಸಿ, ಬಾಕಿ ಇಳಿಕೆಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸನ್ನು ಬೇಸಿನ್‌ನಲ್ಲಿ ತೇಲಿಬಿಡಿ. ಐಸನ್ನು ಡೆವಲಪರ್‌ಗೇ ಹಾಕಬೇಡಿ, ಕರಗಿ ನೀರಾಗಿ ದ್ರಾವಣ ತೆಳುವಾಗುತ್ತದೆ.

ಇನ್ನು ಮೂರೂವರೆಯ ಕೆಲಸ. ಫಿಲಂ ಇಲ್ಫರ್ಡ್ ಎಚ್‌ಪಿ5 ಪ್ಲಸ್. ಡೆವಲಪರ್ ಐಡಿ-11, ಅದು ಕೊಡಕ್‌ನ ಡಿ-76ರ ಅವಳಿ ಎನ್ನಬಹುದು. ಡಿ-76ರ ಸೂತ್ರ ಬಹಿರಂಗವಾಗಿಯೇ ಇದೆ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ತುರಿಕೆ ಬರುತ್ತದೆ. ಎಲ್ಲರೂ ಕೈಗವಸು ಹಾಕಿಕೊಳ್ಳಬೇಕು, ನನಗೇನೂ ಆಗಲ್ಲ ಎನ್ನುವ ಶೂರರೂ ಸಹ. ಎರಡು ರೀಲಿನ ಡಬ್ಬಿ, ಫಿಲಂ ಇರುವ ರೀಲು ಕೆಳಗೆ, ಖಾಲಿ ರೀಲು ಅದರ ಮೇಲೆ. ಇಲ್ಲದಿದ್ದರೆ ಮಗುಚುವಾಗ ರೀಲು ಮೇಲಕ್ಕೆ ಜಾರಿ ದ್ರಾವಣದಿಂದ ಹೊರಗೆ ಉಳಿದೀತು. 300 ಮಿಲಿ ಡೆವಲಪರ್, 300 ಮಿಲಿ ನೀರು. 20 ಡಿಗ್ರಿಯಲ್ಲಿ 13 ನಿಮಿಷ.

ನಾಲ್ವರಿಗೆ ನಾಲ್ಕು ಕೆಲಸ. ಒಬ್ಬಳು ಡಬ್ಬಿ ಹಿಡಿಯುತ್ತಾಳೆ, ಕೊನೆಯವರೆಗೂ ಅವಳೇ, ಕೈ ಬದಲಾಗಬಾರದು. ಒಬ್ಬ ಗಡಿಯಾರ ನೋಡಿ ಜೋರಾಗಿ ಕೂಗುತ್ತಾನೆ. ಒಬ್ಬಳು ಪ್ರತಿ ನಿಮಿಷಕ್ಕೆ ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಾಳೆ. ಹದಿಮೂರು ನಿಮಿಷ ಬಹಳ ದೊಡ್ಡದು ಮಕ್ಕಳೇ, ಏಳನೆಯದೋ ಎಂಟನೆಯದೋ ಎಂಬ ಚರ್ಚೆ ಶುರುವಾಗುತ್ತದೆ. ನಾಲ್ಕನೆಯವನು ಮುಂದಿನ ದ್ರಾವಣ ಸಿದ್ಧವಾಗಿ ಹಿಡಿದು ನಿಂತಿರುತ್ತಾನೆ. ತಲೆಕೆಳಗಾಗಿ ಮತ್ತೆ ನೆಟ್ಟಗೆ ಬಂದರೆ ಒಂದು ಎಣಿಕೆ. ಹತ್ತು ಸೆಕೆಂಡಿಗೆ ನಾಲ್ಕು ಎಂದರೆ ಆತುರವಿಲ್ಲ. ಊಟದ ಹೊತ್ತಿಗೆ ಮುಂಚೆ ಬರೀ ನೀರು ತುಂಬಿ ನಾಲ್ಕೈದು ಸಲ ಅಭ್ಯಾಸ ಮಾಡಿಸುತ್ತೇನೆ. ಹಾಗೆಯೇ ಕೆಟ್ಟುಹೋದ ಹಳೆಯ ರೋಲೊಂದನ್ನು ಕಣ್ಣು ಮುಚ್ಚಿ ರೀಲಿಗೆ ಸುತ್ತುವ ಅಭ್ಯಾಸ.

13 ನಿಮಿಷಕ್ಕೆ ಹತ್ತು ಸೆಕೆಂಡು ಇರುವಾಗ ಡೆವಲಪರ್ ಹೊರಗೆ, ಕೂಡಲೇ ತೆಳು ಅಸಿಟಿಕ್ ಆಮ್ಲದ ದ್ರಾವಣ ಒಳಗೆ. ಅದು ಡೆವಲಪರ್‌ನ ಕೆಲಸವನ್ನು ತಟ್ಟನೆ ನಿಲ್ಲಿಸುತ್ತದೆ, ಅಲ್ಲಿ ನಿಲ್ಲದೆ ಮಗುಚಿ, ಅರ್ಧ ನಿಮಿಷ ಸಾಕು. ಆಮೇಲೆ ಫಿಕ್ಸರ್. ಹಿಂದೆ ಹೈಪೊ ಎನ್ನುತ್ತಿದ್ದೆವು, ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಜಾನ್ ಹರ್ಷಲ್ ಕಂಡುಕೊಂಡಿದ್ದರು, ಆಗ ಫೋಟೊಗ್ರಫಿಯೇ ಹುಟ್ಟಿರಲಿಲ್ಲ. ಇಪ್ಪತ್ತು ವರ್ಷ ಆ ತಿಳಿವಳಿಕೆ ಕೆಲಸಕ್ಕೆ ಕಾಯುತ್ತಾ ಕುಳಿತಿತ್ತು. ಫಿಕ್ಸರ್‌ನಲ್ಲೂ ಡಬ್ಬಿ ಮಗುಚುವುದನ್ನು ಬಿಡಬೇಡಿ, ಚಿತ್ರ ಬಂತಲ್ಲ ಎಂದು ಇಲ್ಲಿ ಸಡಿಲವಾಗುವವರು ಬಹಳ. ಬೆಳ್ಳಿಯ ಲವಣ ಅರೆಬರೆ ಉಳಿದರೆ ವರ್ಷಗಳ ಮೇಲೆ ನೆಗೆಟಿವ್ ಮಾಸುತ್ತದೆ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಶಾಲೆಯ ಬಾವಿಯ ಕಡೆಯ ಚರಂಡಿಗೆ ಚೆಲ್ಲಬಾರದು. ಕ್ಯಾನಿನಲ್ಲಿ ತುಂಬಿಡಿ, ನಾನು ಒಯ್ಯುತ್ತೇನೆ.

ತೊಳೆಯಲು ನಲ್ಲಿ ಬಿಟ್ಟು ಅರ್ಧ ಗಂಟೆ ನೀರು ಹರಿಸಬೇಕಿಲ್ಲ. ವಾರಕ್ಕೆರಡು ದಿನ ನೀರು ಬಿಡುವ ಊರಿನಲ್ಲಿ ಅದು ಸಾಧ್ಯವೂ ಇಲ್ಲ, ಸಭ್ಯತೆಯೂ ಅಲ್ಲ. ಇಲ್ಲಿಯೂ ಮಗುಚುವುದೇ ಉಪಾಯ. ಡಬ್ಬಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ. ಹೊಸ ನೀರು, ಹತ್ತು ಸಲ. ಮತ್ತೆ ಹೊಸ ನೀರು, ಇಪ್ಪತ್ತು ಸಲ. ಇದೂ ಇಲ್ಫರ್ಡ್‌ನವರೇ ಹೇಳಿದ ಕ್ರಮ. ಆ ನೀರು ಫಿಕ್ಸರ್‌ನಷ್ಟು, ಡೆವಲಪರ್‌ನಷ್ಟು ಬಿಸಿಯೇ ಇರಲಿ, ಮಡಕೆಯ ಬೇಸಿನ್‌ನಿಂದಲೇ ತೆಗೆಯಿರಿ. ಎರಡು ಲೀಟರಿನೊಳಗೆ ಕೆಲಸ ಮುಗಿಯುತ್ತದೆ.

ಆಮೇಲೆ ಡಬ್ಬಿ ತೆರೆಯಬಹುದು. ನಾಲ್ವರೂ ಒಟ್ಟಿಗೆ ತಲೆ ಹಾಕಬೇಡಿ. ಫಿಲಂನ ತುದಿಯನ್ನು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ಗುಂಪು ಚಿತ್ರದ ಅಂಗಿಗಳ ಕೆಳಗೆ ನೋಡಿ. ಕೆಳಗೆ ಭಾರಕ್ಕೆ ಬಟ್ಟೆ ಕ್ಲಿಪ್ ಹಾಕಿ, ಪ್ರಯೋಗಶಾಲೆಯ ಹಿಂದಿನ ಸಣ್ಣ ಕೋಣೆಯಲ್ಲಿ ತೂಗಿಹಾಕಿ, ಫ್ಯಾನು ಹಾಕದೆ ಬಾಗಿಲು ಮುಚ್ಚಿ. ಹಸಿ ಜೆಲಟಿನ್‌ಗೆ ಧೂಳು ಕೂತರೆ ಹೋಗುವುದಿಲ್ಲ. ಒಣಗಲು ಎರಡು ಗಂಟೆ ಬೇಕು. ಗುರುಗಳು ಆರು ಗಂಟೆಯ ಬಸ್ಸಿಗೆ ಹೊರಡುತ್ತಾರಂತೆ, ಅಷ್ಟರೊಳಗೆ ಅವರಿಗೆ ನೆಗೆಟಿವ್ ತೋರಿಸಬೇಕು. ಆದ್ದರಿಂದ ಮೂರೂವರೆ ಎಂದರೆ ಮೂರೂವರೆಯೇ.